ಓದುಗರ ಪ್ರಶ್ನೆ – ನಮ್ಮ ಉತ್ತರ: ತರಗತಿಯಲ್ಲಿ ಆಹಾರದ ಪಾಠ

ಪ್ರಶ್ನೆ: ನಾನು ಬ್ರಹ್ಮಾವರದ ಸಮೀಪದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತಿದ್ದೇನೆ. ಆರೋಗ್ಯಕರ ಆಹಾರದ ಪಾಠ ಬಂದಾಗಲೆಲ್ಲ ಮಕ್ಕಳು ಪ್ರೋಟೀನು, ವಿಟಮಿನ್ನು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅದೇ ಮಕ್ಕಳು ಬಿಸಿಯೂಟದಲ್ಲಿ ಸಾಂಬಾರಿನ ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ, ಸಂಜೆ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಬಣ್ಣದ ಪೊಟ್ಟಣ ಕೊಳ್ಳುತ್ತಾರೆ. ಚಟುವಟಿಕೆಯ ಮೂಲಕ ಈ ಪಾಠ ಮಾಡಬೇಕೆಂದಿದ್ದೇನೆ. ಎರಡು ಮೂರು ಅವಧಿಗಳಿಗಿಂತ ಹೆಚ್ಚು ಸಿಗುವುದಿಲ್ಲ. ಹೇಗೆ ಯೋಜಿಸಬೇಕು?
– ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಚಟುವಟಿಕೆಯನ್ನು ಹುಡುಕುವ ಮೊದಲು, ಪಾಠ ಮುಗಿದ ಮೇಲೆ ಮಗು ಏನು ಮಾಡಬಲ್ಲದು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಸಮತೋಲಿತ ಆಹಾರದ ಮಹತ್ವವನ್ನು ಅರಿಯುವರು’ ಎಂದು ಬರೆದರೆ ಅದರಿಂದ ಯಾವ ಚಟುವಟಿಕೆಯೂ ಹುಟ್ಟುವುದಿಲ್ಲ, ಏಕೆಂದರೆ ಅರಿತರೋ ಇಲ್ಲವೋ ಎಂದು ನೋಡುವ ದಾರಿ ಅದರಲ್ಲಿಲ್ಲ. ‘ಕೈಯಲ್ಲಿ ಇಪ್ಪತ್ತು ರೂಪಾಯಿ ಇರುವಾಗ ಅಂಗಡಿಯಲ್ಲಿ ಏನು ಕೊಳ್ಳಬಹುದೆಂದು ಕಾರಣ ಸಹಿತ ಹೇಳುವರು’ ಎಂದು ಬರೆದರೆ ಪಾಠದ ಅರ್ಧ ಯೋಜನೆ ತಾನಾಗಿ ಸಿದ್ಧವಾಗುತ್ತದೆ. ಹತ್ತು ವರ್ಷದ ಮಗು ಮನೆಯ ಅಡುಗೆಯನ್ನು ನಿರ್ಧರಿಸುವುದಿಲ್ಲ. ಅದು ನಿಜವಾಗಿ ನಿರ್ಧರಿಸುವುದು ತಟ್ಟೆಯಲ್ಲಿ ಏನನ್ನು ಉಳಿಸಬೇಕು, ಅಂಗಡಿಯಲ್ಲಿ ಏನನ್ನು ಕೊಳ್ಳಬೇಕು ಎಂಬ ಎರಡನ್ನು ಮಾತ್ರ. ನಿಮ್ಮ ಪಾಠ ಈ ಎರಡು ನಿರ್ಧಾರಗಳ ಸುತ್ತ ನಿಂತರೆ ಸಾಕು.

ಚಟುವಟಿಕೆ ಎಂದ ಕೂಡಲೇ ಹಣ್ಣಿನ ಚಿತ್ರಕ್ಕೆ ಬಣ್ಣ ತುಂಬಿಸುವುದು, ತರಕಾರಿಯ ವೇಷ ಹಾಕಿಸುವುದು ನಡೆಯುತ್ತದೆ. ಇವನ್ನು ನಾನು ಸಲಹೆ ಮಾಡುವುದಿಲ್ಲ. ಕ್ಯಾರೆಟ್ಟಿನ ವೇಷ ಹಾಕಿದ ಮಗುವಿನ ತಾಯಿಗೆ ಒಂದು ರಾತ್ರಿಯ ಕೆಲಸವಾಗುತ್ತದೆಯೇ ಹೊರತು ಮಗು ಕ್ಯಾರೆಟ್ಟಿನ ಬಗ್ಗೆ ಹೊಸದಾಗಿ ಏನನ್ನೂ ಯೋಚಿಸಿರುವುದಿಲ್ಲ. ಸಕ್ರಿಯ ಕಲಿಕೆಯ ಬಗ್ಗೆ 1991ರಲ್ಲಿ ಬರೆದ ಚಾರ್ಲ್ಸ್ ಬಾನ್‌ವೆಲ್ ಮತ್ತು ಜೇಮ್ಸ್ ಐಸನ್ ಎಂಬ ಅಮೆರಿಕದ ಶಿಕ್ಷಣ ತಜ್ಞರು, ವಿದ್ಯಾರ್ಥಿಗಳು ಕೆಲಸ ಮಾಡುವುದರ ಜೊತೆಗೆ ತಾವು ಏನು ಮಾಡುತ್ತಿದ್ದೇವೆ ಎಂಬುದರ ಬಗ್ಗೆ ಯೋಚಿಸುವಂತೆಯೂ ಇರಬೇಕು ಎಂದರು. ಈ ಎರಡನೆಯ ಭಾಗವೇ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ; 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕಾ ಕ್ರಮದ ಮೂಲಕ ನಿಮ್ಮ ಮಕ್ಕಳು ಚಿಕ್ಕ ತರಗತಿಗಳಲ್ಲಿ ಗುಂಪಿನಲ್ಲಿ ಕುಳಿತು ಕಾರ್ಡು ಹಿಡಿದು ಕಲಿತವರೇ ಆಗಿದ್ದಾರೆ. ಆ ಅಭ್ಯಾಸ ಐದನೆಯ ತರಗತಿಯಲ್ಲಿಯೂ ನಿಮ್ಮ ನೆರವಿಗೆ ಬರುತ್ತದೆ.

ಮೊದಲನೆಯ ಅವಧಿಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದನ್ನು ಚಿತ್ರವಾಗಿ ಬಿಡಿಸಲು ಹೇಳಿ. ಇಲ್ಲಿ ಒಂದು ಎಚ್ಚರ ಅಗತ್ಯ. ಎಲ್ಲರ ಮನೆಯ ಊಟವನ್ನು ತರಗತಿಯ ಎದುರು ಓದಿಸಬಾರದು. ಬೆಳಿಗ್ಗೆ ಏನನ್ನೂ ತಿನ್ನದೆ ಬಂದ ಮಗು ಅಲ್ಲಿ ಸುಳ್ಳು ಬರೆಯುತ್ತದೆ, ಇಲ್ಲವೇ ತಲೆ ತಗ್ಗಿಸುತ್ತದೆ. ಆದ್ದರಿಂದ ಆ ಚಿತ್ರ ಮಗುವಿನ ಪುಸ್ತಕದಲ್ಲಿಯೇ ಇರಲಿ. ಚರ್ಚೆಗೆ ನೀವೇ ಕಲ್ಪಿಸಿದ ಒಬ್ಬ ಹುಡುಗಿಯ ದಿನವನ್ನು ಹಲಗೆಯ ಮೇಲೆ ಬರೆಯಿರಿ: ಬೆಳಿಗ್ಗೆ ನೀರುದೋಸೆ ಮತ್ತು ಬೆಲ್ಲ, ಮಧ್ಯಾಹ್ನ ಅನ್ನ ಸಾಂಬಾರು, ಸಂಜೆ ಒಗ್ಗರಣೆ ಅವಲಕ್ಕಿ, ರಾತ್ರಿ ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ. ಇಬ್ಬಿಬ್ಬರು ಸೇರಿ ಪ್ರತಿಯೊಂದು ತಿನಿಸೂ ಯಾವುದರಿಂದ ಆಯಿತು ಎಂದು ಹುಡುಕಿ ಧಾನ್ಯ, ಬೇಳೆಕಾಳು, ಸೊಪ್ಪು ತರಕಾರಿ, ಹಣ್ಣು, ಹಾಲು ಮೊಟ್ಟೆ ಮೀನು, ಎಣ್ಣೆ ಮತ್ತು ಬೀಜಗಳು ಎಂಬ ಅಂಕಣಗಳಲ್ಲಿ ಹಂಚಲಿ. ನಾಲ್ಕು ಹೊತ್ತಿನ ನಾಲ್ಕು ಬೇರೆ ಬೇರೆ ಹೆಸರಿನ ತಿಂಡಿಗಳೂ ಧಾನ್ಯದ ಅಂಕಣಕ್ಕೇ ಹೋಗಿ ಸೇರುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಅದನ್ನು ನೀವು ಮೊದಲೇ ಹೇಳಿಬಿಡಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಇದೇ ಅಸಮತೋಲನವನ್ನು ಎತ್ತಿ ತೋರಿಸುತ್ತದೆ: ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ರ ಆಸುಪಾಸಿನಲ್ಲಿರಬೇಕು, ತಟ್ಟೆಯ ಅರ್ಧದಷ್ಟು ತರಕಾರಿ ಮತ್ತು ಹಣ್ಣು ಇರಬೇಕು ಎನ್ನುತ್ತದೆ. ಈ ಅಂಕಿಗಳು ನಿಮ್ಮ ತಿಳಿವಳಿಕೆಗಾಗಿ ಇರಲಿ, ಮಕ್ಕಳಿಂದ ಗ್ರಾಂ ಲೆಕ್ಕ ಮಾಡಿಸುವ ಅಗತ್ಯವಿಲ್ಲ.

ಮುಂದಿನ ಪ್ರಶ್ನೆ ಮುಖ್ಯವಾದದ್ದು: ಆ ಹುಡುಗಿಯ ಊಟದಲ್ಲಿ ಏನನ್ನೂ ತೆಗೆಯದೆ, ನಮ್ಮ ಹಿತ್ತಿಲಲ್ಲಿ ಅಥವಾ ಊರಿನ ಸಂತೆಯಲ್ಲಿ ಸಿಗುವ ಯಾವ ಒಂದನ್ನು ಸೇರಿಸಿದರೆ ಖಾಲಿ ಅಂಕಣ ತುಂಬುತ್ತದೆ? ಗಂಜಿಯನ್ನು ಬಿಡಿಸುವುದು ನಮ್ಮ ಉದ್ದೇಶವಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ಹೊರಪದರದ ಬಿ1 ಜೀವಸತ್ವದ ಒಂದಂಶ ಕಾಳಿನೊಳಗೆ ಇಳಿಯುವುದರಿಂದ ಕುಚ್ಚಲಕ್ಕಿ, ಭತ್ತವನ್ನು ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಮೇಲು. ಆ ಗಂಜಿಯ ಬದಿಯಲ್ಲಿ ಉಪ್ಪಿನಕಾಯಿಯೊಂದೇ ಇರುವುದು ಕೊರತೆ. ಹೆಸರುಕಾಳಿನ ಪಲ್ಯ, ಹುರುಳಿ ಚಟ್ನಿ, ಹರಿವೆ, ಬಸಳೆ, ಅಲಸಂಡೆ, ತಿಮರೆಯ (ಒಂದೆಲಗದ) ತಂಬುಳಿ, ನುಗ್ಗೆಸೊಪ್ಪು, ಬೂತಾಯಿ ಮೀನಿನ ಸಾರು, ಪಪ್ಪಾಯಿ ಎಂದು ಮಕ್ಕಳು ಹೇಳುವುದು ನಿಮ್ಮ ಪಠ್ಯಪುಸ್ತಕದ ಪಟ್ಟಿಗಿಂತ ದೊಡ್ಡದಾಗಿರುತ್ತದೆ. ಸೇಬು, ಬ್ರಾಕೊಲಿಯ ಚಿತ್ರವಿರುವ ಚಾರ್ಟನ್ನು ಆ ದಿನ ಗೋಡೆಯಿಂದ ಇಳಿಸಿಬಿಡಿ. ಒಳ್ಳೆಯ ಆಹಾರ ಎಂದರೆ ದುಬಾರಿ ಆಹಾರ ಎಂಬ ಭಾವನೆಯನ್ನು ಅಂಥ ಚಾರ್ಟುಗಳು ಮಕ್ಕಳಲ್ಲಿ ಬಿತ್ತುತ್ತವೆ.

ಎರಡನೆಯ ಅವಧಿಗೆ ಮಕ್ಕಳಿಂದಲೇ ಖಾಲಿ ಪೊಟ್ಟಣಗಳನ್ನೂ ತಂಪು ಪಾನೀಯದ ಬಾಟಲಿಗಳನ್ನೂ ತರಿಸಿ, ತೊಳೆದಿಡಿ. ನಾಲ್ವರ ಗುಂಪು ಮಾಡಿ ಒಬ್ಬರು ಓದುವುದು, ಒಬ್ಬರು ಲೆಕ್ಕ ಮಾಡುವುದು, ಒಬ್ಬರು ಅಳೆಯುವುದು, ಒಬ್ಬರು ಬರೆಯುವುದು ಎಂದು ಕೆಲಸ ಹಂಚಿ. ಹಂಚದಿದ್ದರೆ ಜೋರಿನ ಮಗುವೊಂದೇ ಎಲ್ಲವನ್ನೂ ಮಾಡಿ ಮುಗಿಸುತ್ತದೆ. ಲೇಬಲ್ಲನ್ನು ನೋಡುವುದಕ್ಕೆ ಮೊದಲು ‘ಈ ಬಾಟಲಿಯಲ್ಲಿ ಎಷ್ಟು ಚಮಚ ಸಕ್ಕರೆ ಇರಬಹುದು’ ಎಂದು ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಬರೆದಿಡಬೇಕು. ಈ ಹೆಜ್ಜೆಯನ್ನು ಸಮಯವಿಲ್ಲವೆಂದು ಬಿಡಬೇಡಿ. ಊಹೆ ಬರೆದ ಮಗುವಿಗೆ ಉತ್ತರ ಬೇಕಾಗಿರುತ್ತದೆ, ಬರೆಯದ ಮಗು ಸುಮ್ಮನೆ ನೋಡುತ್ತಿರುತ್ತದೆ.

ಹೆಚ್ಚಿನ ಲೇಬಲ್ಲುಗಳು ಇಂಗ್ಲಿಷಿನಲ್ಲಿ, ಅದೂ ಅತಿ ಸಣ್ಣ ಅಕ್ಷರದಲ್ಲಿ ಇರುವುದರಿಂದ ಶುಗರ್, ಸೋಡಿಯಂ, ಫ್ಯಾಟ್ ಎಂಬ ಮೂರು ಪದಗಳ ಇಂಗ್ಲಿಷ್ ರೂಪವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಅದರ ಕೆಳಗೆ ಕನ್ನಡ ಅರ್ಥ ಕೊಡಿ; ಮಕ್ಕಳು ಅಕ್ಷರದ ಆಕಾರವನ್ನು ಹೊಂದಿಸಿಯಾದರೂ ಹುಡುಕುತ್ತಾರೆ. ಅಂಕಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ ಅಥವಾ 100 ಗ್ರಾಮಿಗೆ ಇರುತ್ತದೆ, ಇಡೀ ಬಾಟಲಿಗೆ ಅಲ್ಲ. 100 ಮಿಲಿಲೀಟರಿಗೆ 10 ಗ್ರಾಂ ಎಂದಿದ್ದರೆ 250 ಮಿಲಿಲೀಟರಿನ ಬಾಟಲಿಯಲ್ಲಿ 25 ಗ್ರಾಂ ಆಯಿತು. ರಾಶಿಯಾಗದಂತೆ ತುಂಬಿದ ಒಂದು ಚಹಾ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅಂದರೆ ಆರು ಚಮಚ ತುಂಬಿ, ಮೇಲೆ ಇನ್ನೂ ಸ್ವಲ್ಪ. ಅದನ್ನು ಗಾಜಿನ ಲೋಟಕ್ಕೆ ಒಂದೊಂದೇ ಚಮಚವಾಗಿ ಹಾಕಿಸಿ, ಬಾಟಲಿಯ ಪಕ್ಕದಲ್ಲಿಯೇ ಇಡಿಸಿ. ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಾಗುವ ದೊಡ್ಡವರಿಗೆ ಇಡೀ ದಿನದ ಸಕ್ಕರೆಯ ಮಿತಿಯೇ 25 ಗ್ರಾಂ ಎಂಬುದನ್ನು ನೀವು ಹೇಳಬೇಕಾದದ್ದು ಈಗ, ಲೋಟ ಕಣ್ಣೆದುರಿಗಿರುವಾಗ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ತಿನಿಸುಗಳಲ್ಲಿನ ಸಕ್ಕರೆಯ ಬಗ್ಗೆ ತಿಳಿಸುವ ‘ಶುಗರ್ ಬೋರ್ಡ್’ ಹಾಕಬೇಕೆಂದು ಸೂಚಿಸಿತು. ಒಳ್ಳೆಯ ಕ್ರಮವೇ, ಆದರೆ ಮುದ್ರಿಸಿ ತಂದ ಫಲಕಕ್ಕಿಂತ ಮಕ್ಕಳು ಅಳೆದು ತಾವೇ ಬರೆದ ಫಲಕದ ಮೇಲೆ ನನಗೆ ಹೆಚ್ಚು ನಂಬಿಕೆ. ಮನೆಯಲ್ಲಿ ಮಾಡುವ ಪುನರ್ಪುಳಿ (ಕೋಕಂ) ಶರಬತ್ತಿಗೆ ಎಷ್ಟು ಚಮಚ ಹಾಕುತ್ತೇವೆ ಎಂಬುದನ್ನೂ ಇದೇ ರೀತಿ ಅಳೆಯಿಸಿ. ನಮ್ಮದೆಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಬೇಡ. ಹುಳಿ ಇರುವುದರಿಂದ ಅದಕ್ಕೂ ಸಾಕಷ್ಟು ಸಕ್ಕರೆ ಬೀಳುತ್ತದೆ. ಎಳನೀರಿಗೆ ಹೊರಗಿನ ಸಕ್ಕರೆಯೇ ಬೇಡ ಎಂಬುದು ಆಗ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಸಮಯ ಉಳಿದರೆ ಪೊಟ್ಟಣದ ಸಾಮಗ್ರಿಗಳ ಪಟ್ಟಿಯನ್ನು ಓದಿಸಿ. ಅದರಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ ಎಂಬ ಒಂದೇ ನಿಯಮ ತಿಳಿದರೆ ಸಾಕು. ‘ಹಣ್ಣಿನ ಪಾನೀಯ’ದಲ್ಲಿ ಹಣ್ಣು ಎಷ್ಟನೆಯ ಸ್ಥಾನದಲ್ಲಿದೆ ಎಂದು ಮಕ್ಕಳೇ ಹುಡುಕಲಿ.

ಮೂರನೆಯ ಅವಧಿಯ ಕೆಲಸ ಅಂಗಡಿಯ ಸಮೀಕ್ಷೆ. ಮನೆಗೆ ಹೋಗುವ ದಾರಿಯ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯೊಳಗೆ ಏನೇನು ಸಿಗುತ್ತದೆ ಎಂದು ಹಿಂದಿನ ದಿನವೇ ಬರೆದು ತರಲು ಹೇಳಿ: ಬಾಳೆಹಣ್ಣು, ಹುರಿಗಡಲೆ, ಕಡಲೆ ಮಿಠಾಯಿ, ಚುರುಮುರಿ, ಬನ್ಸ್, ಚಿಪ್ಸ್, ಐಸ್ ಕ್ಯಾಂಡಿ. ತರಗತಿಯಲ್ಲಿ ಅವನ್ನು ‘ಒಳ್ಳೆಯದು–ಕೆಟ್ಟದ್ದು’ ಎಂದು ವಿಂಗಡಿಸುವ ಬದಲು ‘ದಿನವೂ ಆದೀತು’, ‘ವಾರಕ್ಕೊಮ್ಮೆ’, ‘ಹಬ್ಬ–ಜಾತ್ರೆಗೆ’ ಎಂದು ಮೂರು ಬುಟ್ಟಿಗಳಿಗೆ ಹಾಕಿಸಿ, ಗುಂಪುಗಳ ನಡುವೆ ವಾದಕ್ಕೆ ಅವಕಾಶ ಕೊಡಿ. ಗೋಳಿಬಜೆ ಯಾವ ಬುಟ್ಟಿಗೆ ಎಂಬುದರ ಮೇಲೆ ಹತ್ತು ನಿಮಿಷ ಚರ್ಚೆಯಾದರೂ ಅದು ಹಾಳಾದ ಸಮಯವಲ್ಲ. ಬಣ್ಣದ ವಿಷಯ ಬಂದರೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ನಿಷೇಧಿಸಿತು ಎಂಬುದನ್ನೂ, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲಾ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರ್ ಒಳಗೆ ಮಾರಬಾರದೆಂದು 2020ರ ಕೇಂದ್ರ ನಿಯಮ ಹೇಳುತ್ತದೆ ಎಂಬುದನ್ನೂ ತಿಳಿಸಿ. ಆದರೆ ಮಕ್ಕಳನ್ನು ಅಂಗಡಿಯವರ ಮೇಲೆ ದೂರು ಹೇಳುವವರನ್ನಾಗಿ ಮಾಡಬೇಡಿ. ಬಾಳೆಗೊನೆಯನ್ನು ಎದುರಿಗೆ ತೂಗಿಹಾಕುವಂತೆ ಆ ಅಂಗಡಿಯವರಿಗೆ ಮಕ್ಕಳಿಂದಲೇ ಒಂದು ಪತ್ರ ಬರೆಸಿದರೆ ಕನ್ನಡದ ಪತ್ರಲೇಖನವೂ ಆಯಿತು.

ಇನ್ನು ತಟ್ಟೆಯ ಅಂಚಿಗೆ ಸರಿದ ತರಕಾರಿಯ ವಿಷಯ. ಇದು ಮೂರು ಅವಧಿಗಳಲ್ಲಿ ಬಗೆಹರಿಯುವುದಿಲ್ಲ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಅದನ್ನು ಎದುರಿಸಬೇಕಾಗಬಹುದು, ಮತ್ತು ಒತ್ತಾಯ ಮಾಡಿದಷ್ಟೂ ಅದು ಹಿಂದೆ ಸರಿಯುತ್ತದೆ. ಫ್ರಾನ್ಸಿನಲ್ಲಿ ಜಾಕ್ ಪ್ಯುಯಿಸೆ ಎಂಬವರು 1970ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ‘ರುಚಿಯ ತರಗತಿ’ಗಳನ್ನು ಆರಂಭಿಸಿದ್ದರು, ಅಲ್ಲಿ ಮಕ್ಕಳು ನೋಡಿ, ಮೂಸಿ, ಮುಟ್ಟಿ, ಕಡಿಯುವ ಸದ್ದು ಕೇಳಿ, ಕೊನೆಗೆ ರುಚಿ ನೋಡಿ ಅದನ್ನು ವರ್ಣಿಸುತ್ತಾರೆ. ವಾರಕ್ಕೊಮ್ಮೆ ಬಿಸಿಯೂಟಕ್ಕೆ ಮೊದಲು ಐದು ನಿಮಿಷ ಇದನ್ನು ನೀವೂ ಮಾಡಬಹುದು. ಅಡುಗೆಯ ಅಕ್ಕನವರನ್ನು ಕೇಳಿ ಬೇಯಿಸಿದ ಒಂದು ತುಂಡು ಮಟ್ಟುಗುಳ್ಳ ಬದನೆಯನ್ನೋ ಹಸಿ ಮುಳ್ಳುಸೌತೆಯನ್ನೋ ತರಿಸಿ, ‘ಇಷ್ಟವೇ?’ ಎಂದು ಕೇಳದೆ ‘ಹೇಗಿದೆ?’ ಎಂದು ಕೇಳಿ. ನುಣುಪು, ಒಗರು, ಚಪ್ಪೆ, ಕಟುಂ ಎನ್ನುತ್ತದೆ – ಯಾವ ಉತ್ತರವಾದರೂ ಸರಿ. ಬಾಯಿಗೆ ಹಾಕಲೊಲ್ಲದ ಮಗು ಮೂಸಿ ಹೇಳಿದರೂ ಭಾಗವಹಿಸಿದಂತೆಯೇ. ಕೈ ತೊಳೆಯುವುದು ಕಡ್ಡಾಯ. ನೆಲಗಡಲೆ, ಗೋಡಂಬಿ, ಸಿಗಡಿ ಯಾರಿಗಾದರೂ ಒಗ್ಗುವುದಿಲ್ಲವೇ ಎಂದು ಹೆತ್ತವರನ್ನು ಮೊದಲೇ ಕೇಳುವುದೂ ಕಡ್ಡಾಯ.

ಮೌಲ್ಯಮಾಪನಕ್ಕೆ ಲಿಖಿತ ಪರೀಕ್ಷೆ ಬೇಡ. ಮೂರು ವಾರ ಕಳೆದ ಮೇಲೆ ಮಕ್ಕಳು ನೋಡಿರದ ಒಂದು ಪೊಟ್ಟಣವನ್ನು ಕೊಟ್ಟು, ಸಕ್ಕರೆಯ ಚಮಚ ಎಷ್ಟು, ಯಾವ ಬುಟ್ಟಿಗೆ, ಏಕೆ ಎಂದು ಕೇಳಿ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಮೀನು, ಮೊಟ್ಟೆ ತಿನ್ನುವ ಮಕ್ಕಳೂ ಇದ್ದಾರೆ, ತಿನ್ನದವರೂ ಇದ್ದಾರೆ. ವಿವಾದವೇ ಬೇಡವೆಂದು ಆಹಾರದ ಪಾಠದಲ್ಲಿ ಅವುಗಳ ಹೆಸರನ್ನೇ ಬಿಟ್ಟುಬಿಡುವುದು ಸರಿಯೇ?
– ಓದುಗರು, ಮಂಗಳೂರು

ಉತ್ತರ: ಸರಿಯಲ್ಲ. ಬಂದರು ಇರುವ ಊರಿನಲ್ಲಿ ಮೀನಿನ ಹೆಸರಿಲ್ಲದ ಆಹಾರದ ಪಾಠವನ್ನು ಕೇಳಿದ ಮಗು, ತನ್ನ ಮನೆಯ ಊಟ ಹೇಳಬಾರದ ಸಂಗತಿ ಎಂದುಕೊಳ್ಳುತ್ತದೆ. ಬೂತಾಯಿ, ಬಂಗುಡೆಗಳಲ್ಲಿ ಪ್ರೋಟೀನಿನ ಜೊತೆಗೆ ಒಮೆಗಾ-3 ಕೊಬ್ಬಿನಂಶವಿದೆ, ಬೆಲೆಯಲ್ಲಿಯೂ ಅವು ದೊಡ್ಡ ಮೀನುಗಳಿಗಿಂತ ಅಗ್ಗ. ಕಾರ್ಡುಗಳ ಒಂದೇ ಗುಂಪಿನಲ್ಲಿ ಬಂಗುಡೆ, ಮೊಟ್ಟೆ, ಹೆಸರುಕಾಳು, ಕಡಲೆ, ಮೊಸರು ಎಲ್ಲವನ್ನೂ ಇಟ್ಟು ‘ನಿಮ್ಮ ಮನೆಯಲ್ಲಿ ಈ ಗುಂಪಿನಿಂದ ಯಾವುದು ಬರುತ್ತದೆ’ ಎಂದು ಕೇಳಿದರೆ ಯಾರೂ ಹೊರಗುಳಿಯುವುದಿಲ್ಲ. ನಮ್ಮ ರಾಜ್ಯದ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯನ್ನು ಮಕ್ಕಳು ನಿತ್ಯ ಕಾಣುತ್ತಿರುವುದರಿಂದ ಈ ಭೇದ ಅವರಿಗೆ ಅಪರಿಚಿತವಲ್ಲ. ತರಗತಿಗೆ ಒಂದು ನಿಯಮ ಬೇಕು: ‘ನಮ್ಮಲ್ಲಿ ತಿನ್ನುವುದಿಲ್ಲ’ ಎನ್ನಬಹುದು, ಇನ್ನೊಬ್ಬರ ಬುತ್ತಿ ನೋಡಿ ‘ಛೀ’ ಎನ್ನುವಂತಿಲ್ಲ. ಮೀನು, ಮಾಂಸ, ಮೊಟ್ಟೆ ತಿನ್ನದವರಿಗೆ ಬಿ12 ಜೀವಸತ್ವ ಮುಖ್ಯವಾಗಿ ಹಾಲು ಮೊಸರಿನಿಂದ ದೊರೆಯಬೇಕು ಎಂಬುದನ್ನು ಹೆತ್ತವರ ಸಭೆಯಲ್ಲಿ ತಿಳಿಸುವುದು ಒಳ್ಳೆಯದು.

ಪ್ರಶ್ನೆ: ಶಾಲೆಯಲ್ಲಿ ಆಹಾರದ ಪಾಠವಾದ ಮೇಲೆ ಆರನೆಯ ತರಗತಿಯ ನನ್ನ ಮಗಳು ‘ನಾನು ದಪ್ಪ’ ಎಂದು ರಾತ್ರಿಯ ಊಟ ಬಿಡುತ್ತಿದ್ದಾಳೆ. ತರಗತಿಯಲ್ಲಿ ಎಲ್ಲರ ತೂಕವನ್ನು ಹಲಗೆಯ ಮೇಲೆ ಬರೆದಿದ್ದರಂತೆ.
– ತಾಯಿ, ಉಡುಪಿ

ಉತ್ತರ: ತೂಕವನ್ನು ಎಲ್ಲರೆದುರು ಬರೆಯುವುದು ಯಾವ ಆಹಾರದ ಪಾಠದಲ್ಲಿಯೂ ಇರಬಾರದ ಚಟುವಟಿಕೆ. ಈ ವಯಸ್ಸಿನ ಹುಡುಗಿಯರು ಬೇಗ ಬೆಳೆಯುವ ಹಂತದಲ್ಲಿರುತ್ತಾರೆ. ತೂಕ ಏರುವುದು ಸಹಜ, ಅದನ್ನು ಎತ್ತರ ಮತ್ತು ವಯಸ್ಸಿನೊಂದಿಗೆ ಸೇರಿಸಿ ನೋಡಬೇಕಾದವರು ವೈದ್ಯರು. ತರಗತಿ ಶಿಕ್ಷಕರನ್ನು ಖಾಸಗಿಯಾಗಿ ಕಂಡು, ಅಳತೆಯನ್ನು ಮುಂದೆ ಪ್ರತ್ಯೇಕವಾಗಿ ಮಾಡಿ ಹೆತ್ತವರಿಗೆ ಮಾತ್ರ ತಿಳಿಸುವಂತೆ ಕೇಳಿಕೊಳ್ಳಿ. ಮನೆಯಲ್ಲಿ ಊಟದ ಹೊತ್ತಿಗೆ ತೂಕದ ಮಾತನ್ನು ತರಬೇಡಿ, ಮನೆಯ ದೊಡ್ಡವರು ತಮ್ಮ ಸ್ವಂತ ತೂಕದ ಬಗ್ಗೆ ಆಡುವ ಮಾತನ್ನೂ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಕುಳಿತು ಅದೇ ಊಟವನ್ನು ಮಾಡಿ. ಒಂದೆರಡು ವಾರದಲ್ಲಿ ಆಕೆ ಮೊದಲಿನಂತೆ ಉಣ್ಣದಿದ್ದರೆ, ಅಥವಾ ತಲೆಸುತ್ತು, ಆಯಾಸ ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಊಟ ಬಿಡಲು ಆರಂಭಿಸಿದ ಕಾರಣವನ್ನೂ ಅವರಿಗೆ ಹೇಳಿ.