ಹಳೇ ಸರ್ಟಿಫಿಕೇಟ್ ನಿಜಕ್ಕೂ ರದ್ದಾಗಿದೆಯಾ?

ಪ್ರಶ್ನೆ: ನಮ್ಮ ಸಹಕಾರ ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಸರ್ವರಿನ ಪ್ರೈವೇಟ್ ಕೀ, ಅಂದರೆ ಸರ್ಟಿಫಿಕೇಟಿನ ಜೋಡಿಯಾದ ಗುಟ್ಟಿನ ಕೀಲಿ, ಅವರ ಲ್ಯಾಪ್‌ಟಾಪಿನಲ್ಲೂ ಇತ್ತು ಅಂತ ಆಮೇಲೆ ಗೊತ್ತಾಯಿತು. ಹೊಸ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಡಿಜಿಟಲ್ ಪ್ರಮಾಣಪತ್ರ) ಹಾಕಿಸಿದ್ದೇವೆ. ಹಳೇದು ರದ್ದಾಗಿದೆ ಅಂತ ಹೋಸ್ಟಿಂಗ್‌ನವರು ಹೇಳುತ್ತಾರೆ. ಕ್ರೋಮ್‌ನಲ್ಲಿ ಸೈಟ್ ಸರಿಯಾಗಿ ತೆರೆಯುತ್ತಿದೆ. ಅಷ್ಟು ಸಾಕಾ ಸರ್?

ಉತ್ತರ: ಸಾಲದು. ಕ್ರೋಮ್ ನೋಡುತ್ತಿರುವುದು ಹೊಸ ಸರ್ಟಿಫಿಕೇಟನ್ನು, ನಿಮಗೆ ಬೇಕಿರುವುದು ಹಳೇದರ ಸುದ್ದಿ. ಸೈಟಿನ ಭದ್ರತೆ ನೋಡುವ ಎಸ್‌ಎಸ್‌ಎಲ್ ಲ್ಯಾಬ್ಸ್ ಪರೀಕ್ಷೆಯೂ ಈಗ ಸರ್ವರಿನಲ್ಲಿ ಇರುವುದನ್ನೇ ನೋಡುತ್ತದೆ, ಹಾಗಾಗಿ ಇಲ್ಲಿ ಉಪಯೋಗವಿಲ್ಲ.

ಸಿಆರ್‌ಟಿ ಡಾಟ್ ಎಸ್‌ಎಚ್ (crt.sh) ಅನ್ನೋ ತಾಣಕ್ಕೆ ಹೋಗಿ, ದುಡ್ಡೇನೂ ಕೊಡಬೇಕಿಲ್ಲ. ನಿಮ್ಮ ಡೊಮೇನ್ ಹೆಸರು ಹಾಕಿದರೆ ಅದಕ್ಕೆ ಇದುವರೆಗೆ ಸಿಕ್ಕಿರುವ ಸರ್ಟಿಫಿಕೇಟುಗಳ ಉದ್ದನೆಯ ಪಟ್ಟಿ ಬರುತ್ತದೆ. ಒಂದೇ ಸರ್ಟಿಫಿಕೇಟ್ ಎರಡೆರಡು ಸಲ ಕಾಣಿಸಬಹುದು, ಗಾಬರಿ ಬೇಡ. ತಾರೀಖು ನೋಡಿ ಹಳೇದರ ಐಡಿ ಒತ್ತಿ. ಅಲ್ಲಿ ‘ರಿವೊಕೇಶನ್’ (ರದ್ದತಿ) ಭಾಗದಲ್ಲಿ ಸಿಆರ್‌ಎಲ್, ಅಂದರೆ ರದ್ದಾದವುಗಳ ಪಟ್ಟಿ, ಎದುರಿಗೆ ‘ರಿವೋಕ್ಡ್’ ಅಂತಿದ್ದು, ಜೊತೆಗೆ ತಾರೀಖೂ ಇದ್ದರೆ ಕೆಲಸ ಆಗಿದೆ. ‘ನಾಟ್ ರಿವೋಕ್ಡ್’ ಅಂತಿದ್ದರೆ ಒಂದು ದಿನ ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಹೋಸ್ಟಿಂಗ್‌ನವರು ಸುಮ್ನೆ ಬಾಯಿಮಾತಿಗೆ ಹೇಳಿದ್ದಾರೆ ಅಂತಲೇ ಅರ್ಥ. ಕೀ ಬೇರೆಯವರ ಕೈಸೇರಿದೆ ಅಂತ ಖಚಿತವಾದರೆ, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ 24 ಗಂಟೆಯೊಳಗೆ ರದ್ದು ಮಾಡಲೇಬೇಕು. ಕಾರಣದ ಜಾಗದಲ್ಲಿ ‘ಕೀ ಕಾಂಪ್ರಮೈಸ್’ ಅಂತಲೇ ಹಾಕಿಸಿ.

ಹಳೇ ವಿಡಿಯೊಗಳಲ್ಲಿ ಒಸಿಎಸ್‌ಪಿ (ಒಂದೊಂದೇ ಸರ್ಟಿಫಿಕೇಟ್ ರದ್ದಾಗಿದೆಯಾ ಅಂತ ಕೊಟ್ಟ ಸಂಸ್ಥೆಯನ್ನೇ ಕೇಳುವ ವಿಧಾನ) ಮೂಲಕ ನೋಡಿ ಅಂತಾರೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್ ಆ ಸೇವೆಯನ್ನು 2025ರ ಆಗಸ್ಟ್‌ನಲ್ಲೇ ಮುಚ್ಚಿದೆ. ಅವರ ಸರ್ಟಿಫಿಕೇಟಿಗೆ ಈಗ ಸಿಆರ್‌ಎಲ್ ಒಂದೇ ಗತಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ರದ್ದಾದ ಸರ್ಟಿಫಿಕೇಟನ್ನೂ ಕ್ರೋಮ್ ಎಷ್ಟೋ ಸಲ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಅದರ ಹತ್ತಿರ ಇರುವುದು ಗೂಗಲ್ ಆರಿಸಿ ಕೊಟ್ಟ ಚಿಕ್ಕ ಪಟ್ಟಿ. ಕಂಪ್ಯೂಟರಿನ ಫೈರ್‌ಫಾಕ್ಸ್ 137ನೇ ಆವೃತ್ತಿಯಿಂದ ಈ ವಿಷಯದಲ್ಲಿ ಎಷ್ಟೋ ವಾಸಿ, ಹೆಚ್ಚುಕಡಿಮೆ ಪೂರ್ತಿ ಪಟ್ಟಿಯನ್ನೇ ಕುಗ್ಗಿಸಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಹಳೇ ಸರ್ಟಿಫಿಕೇಟಿನ ಅವಧಿ ಯಾವತ್ತು ಮುಗಿಯುತ್ತದೆ ಅಂತಲೂ ಬರೆದಿಟ್ಟುಕೊಳ್ಳಿ, ನಿಜವಾದ ನಿರಾಳ ಅವತ್ತೇ. ಬರೀ ಕೀ ಇದ್ದರೆ ಯಾರೂ ನಿಮ್ಮ ಸೈಟಿನ ಸೋಗು ಹಾಕೋಕಾಗಲ್ಲ, ಗ್ರಾಹಕರ ಸಂಪರ್ಕವನ್ನೂ ತಮ್ಮ ಕಡೆ ತಿರುಗಿಸಿಕೊಳ್ಳಬೇಕು. ಆದರೂ ಬಿಡುವ ವಿಷಯವಲ್ಲ, ದುಡ್ಡಿನ ವ್ಯವಹಾರ ಅಲ್ವಾ.

ಹೊಸ ಸರ್ಟಿಫಿಕೇಟಿಗೆ ಹೊಸ ಕೀ ಮಾಡಿದ್ದಾರಾ ಅಂತ ಮೊದಲು ಕೇಳಿ. ಅದೇ ಹಳೇ ಕೀ ಬಳಸಿದ್ದರೆ ಹೊಳೇಲಿ ಹುಣಿಸೆಹಣ್ಣು ತೊಳೆದ ಹಾಗೆ. ಸಿಆರ್‌ಟಿ ಡಾಟ್ ಎಸ್‌ಎಚ್ ತಾಣದಲ್ಲೇ ಎರಡೂ ಸರ್ಟಿಫಿಕೇಟುಗಳ ಪಬ್ಲಿಕ್ ಕೀ (ಪ್ರೈವೇಟ್ ಕೀಯ ಜೋಡಿ, ಎಲ್ಲರಿಗೂ ಕಾಣುವಂಥದ್ದು) ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಹೊಸದನ್ನೂ ರದ್ದು ಮಾಡಿಸಬೇಕು.