ಅಮೆರಿಕದಲ್ಲಿ ಬೆಟ್ಟಿಂಗ್ ಲೀಗಲ್ ಆಯ್ತಲ್ಲ, ಕರ್ನಾಟಕದಲ್ಲಿ ಯಾಕೆ ಆಗುದಿಲ್ಲ?

(ಈ ವಾರದ ಪ್ರಶ್ನೆಗಳಿಗೆ ಮಂಗಳೂರಿನ ವಕೀಲರೊಬ್ಬರ ಉತ್ತರ)

ಪ್ರಶ್ನೆ: ಸರ್, ನನ್ನ ಅಣ್ಣ ನ್ಯೂಜೆರ್ಸಿಯಲ್ಲಿ ಇದ್ದಾನೆ, ಅಲ್ಲಿ ಫೋನಲ್ಲೇ ಮ್ಯಾಚಿಗೆ ದುಡ್ಡು ಹಾಕ್ತಾನೆ, ಎಲ್ಲ ಲೀಗಲ್. ನಾನು ಇಲ್ಲಿ ಐಪಿಎಲ್‌ಗೆ ಐನೂರು ಹಾಕಿದ್ರೆ ಕ್ರೈಮ್ ಅಂತಾರೆ. ಬೆಟ್ಟಿಂಗ್ ರಾಜ್ಯದ ವಿಷಯ ಅಂತ ಕೇಳಿದ್ದೇನೆ, ಹಾಗಾದ್ರೆ ನಮ್ಮ ಸರ್ಕಾರ ಮನಸ್ಸು ಮಾಡಿದ್ರೆ ಲೀಗಲ್ ಮಾಡ್ಬಹುದಲ್ವಾ?
(ಸುರತ್ಕಲ್ ಓದುಗರು)

ಉತ್ತರ: ನೀವು ಕೇಳಿದ್ದು ಅರ್ಧ ಸರಿ ಉಂಟು. ಸಂವಿಧಾನದ ಏಳನೇ ಶೆಡ್ಯೂಲಿನ ರಾಜ್ಯಪಟ್ಟಿಯಲ್ಲಿ 34ನೇ ನಮೂದೇ ಬೆಟ್ಟಿಂಗ್ ಮತ್ತು ಜೂಜು, ಅದರ ಬಲದಲ್ಲೇ ಗೋವಾದಲ್ಲಿ ಕ್ಯಾಸಿನೊ ನಡೆಯುದು, ಸಿಕ್ಕಿಂ 2008ರಲ್ಲೇ ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿದ್ದು. ಆದ್ರೆ ಅಧಿಕಾರ ಪುಸ್ತಕದಲ್ಲಿ ಇರುದು ಬೇರೆ, ಕೈಯಲ್ಲಿ ಇರುದು ಬೇರೆ.

ಅಣ್ಣನ ಊರಿನ ಕಥೆ ನೋಡಿ. ಅಲ್ಲಿ 1992ರಲ್ಲಿ ಕೇಂದ್ರದ ಒಂದು ಕಾನೂನು ಬಂದು ನೆವಾಡಾದಂಥ ನಾಲ್ಕು ಕಡೆ ಬಿಟ್ಟು ಉಳಿದ ರಾಜ್ಯಗಳು ಸ್ಪೋರ್ಟ್ಸ್ ಬೆಟ್ಟಿಂಗಿಗೆ ಅನುಮತಿ ಕೊಡ್ಲೇಬಾರದು ಅಂತ ಕಟ್ಟಿಹಾಕಿತ್ತು. ನ್ಯೂಜೆರ್ಸಿಯವರು ವರ್ಷಗಟ್ಟಲೆ ಕೋರ್ಟಲ್ಲಿ ಗುದ್ದಾಡಿ 2018ರ ಮೇ 14ಕ್ಕೆ ಗೆದ್ರು, ಇಂಥ ಕಾನೂನು ಮಾಡ್ಬೇಡಿ ಅಂತ ರಾಜ್ಯದ ಶಾಸನಸಭೆಗೆ ಹುಕುಂ ಮಾಡ್ಲಿಕ್ಕೆ ಕೇಂದ್ರಕ್ಕೆ ಅಧಿಕಾರ ಇಲ್ಲ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳ್ತು. ಆಮೇಲೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಬಾಗಿಲು ತೆರೆದವು, ಒಂದೊಂದರದ್ದು ಒಂದೊಂದು ರೇಟು. ನೆವಾಡಾ ಕಂಪೆನಿಯ ಆದಾಯದಲ್ಲಿ 6.75% ತಗೊಂಡ್ರೆ ನ್ಯೂಯಾರ್ಕ್ ಮೊಬೈಲ್ ಬೆಟ್ಟಿಂಗಿಗೆ 51% ಕಿತ್ಕೊಳ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ದೊಡ್ಡ ರಾಜ್ಯಗಳೇ ಇನ್ನೂ ಒಪ್ಪಿಲ್ಲ. ಆ್ಯಪ್ ಫೋನಿನ ಲೊಕೇಶನ್ ನೋಡ್ತಾ ಇರ್ತದೆ, ನಿಮ್ಮಣ್ಣ ಬೆಟ್ಟಿಂಗ್ ಇಲ್ಲದ ರಾಜ್ಯಕ್ಕೆ ಕಾಲಿಟ್ರೆ ಬಂದ್. ಕೇಳಿ ನೋಡಿ ಬೇಕಾದ್ರೆ.

ನಮ್ಮಲ್ಲಿ ಇದರ ತದ್ವಿರುದ್ಧ ನಡೆದದ್ದು. ಅಲ್ಲಿ ಕೇಂದ್ರದ ಗಂಟು ಬಿಚ್ಚಿತು, ಇಲ್ಲಿ ಹೊಸದಾಗಿ ಬಿತ್ತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧ ಮಾಡ್ತು, ಕೌಶಲದ ಆಟವನ್ನೂ ಸೇರಿಸಿದ್ದು ಸರಿಯಲ್ಲ ಅಂತ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದನ್ನು ಹೊಡೆದುಹಾಕಿತು. ಎಲ್ಲರೂ ಇನ್ನು ಲೀಗಲ್ ಆಗ್ತದೆ ಅಂತ ಕಾಯ್ತಾ ಇದ್ರೆ 2025ರ ಆಗಸ್ಟಲ್ಲಿ ಪಾರ್ಲಿಮೆಂಟೇ ಕಾನೂನು ಪಾಸ್ ಮಾಡಿಬಿಟ್ಟಿತು, ಕೌಶಲವೋ ಅದೃಷ್ಟವೋ ಅಂತ ನೋಡುದೇ ಇಲ್ಲ, ದುಡ್ಡಿಟ್ಟು ಆಡಿಸುವ ಆನ್‌ಲೈನ್ ಆಟ ಯಾವುದೂ ಬೇಡ. ನಡೆಸುವವನಿಗೆ 3 ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಜಾಹೀರಾತು ಮಾಡಿದವನಿಗೆ 2 ವರ್ಷ, 50 ಲಕ್ಷ. ಇದು ರಾಜ್ಯದ ಅಧಿಕಾರಕ್ಕೆ ಕೈಹಾಕಿದ್ದು ಅಂತ ಕಂಪೆನಿಗಳು ಕೋರ್ಟಿಗೆ ಹೋಗಿವೆ, ಬೇರೆಬೇರೆ ಹೈಕೋರ್ಟಿನ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನತ್ರ ತರಿಸ್ಕೊಂಡಿತು.

ಹಾಗಾಗಿ ಈ ಕಾನೂನು ಇರುವಷ್ಟು ದಿನ ವಿಧಾನಸೌಧ ಏನೇ ಪಾಸ್ ಮಾಡಿದ್ರೂ ನಿಮ್ಮ ಫೋನಿನ ಆ್ಯಪ್ ಲೀಗಲ್ ಆಗುದಿಲ್ಲ. ಉಳಿದದ್ದು ಎಂತ, ರೇಸ್‌ಕೋರ್ಸಿನ ಹಾಗೆ ಕಿಟಕಿಯಲ್ಲಿ ಟಿಕೆಟ್ ಕೊಡುವ ಕೌಂಟರ್. ಅದನ್ನು ರಾಜ್ಯ ತೆರೀಬಹುದು. ಆದ್ರೆ ಜಿಎಸ್‌ಟಿ ಬಂದ ಮೇಲೆ ಟ್ಯಾಕ್ಸಿನ ರೇಟೂ ರಾಜ್ಯದ ಒಬ್ಬರ ಕೈಯಲ್ಲಿ ಇಲ್ಲ, 2025ರ ಸೆಪ್ಟೆಂಬರಿನಿಂದ ಬೆಟ್ಟಿಂಗಿಗೆ 40%, ಅದೂ ಕಂಪೆನಿಯ ಕಮಿಷನ್ ಮೇಲಲ್ಲ, ನೀವು ಹಾಕಿದ ಪೂರ್ತಿ ದುಡ್ಡಿನ ಮೇಲೆ. ಗೆದ್ರೆ 30% ಇನ್‌ಕಮ್ ಟ್ಯಾಕ್ಸ್. ವಾಟ್ಸಾಪಲ್ಲಿ ಐಡಿ (ಕಳ್ಳ ಬೆಟ್ಟಿಂಗ್ ಸೈಟಿನ ಲಾಗಿನ್) ಕೊಡುವವ ಇದ್ಯಾವುದೂ ಕಟ್ಟುದಿಲ್ಲ. ಯಾರು ಮಾರಾಯ್ರೆ ಕೌಂಟರಿಗೆ ಬಂದು ಕ್ಯೂ ನಿಲ್ಲುದು? ಕ್ರಿಕೆಟ್ ಮಂಡಳಿಯ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ 2016ರಲ್ಲೇ ಕ್ರಿಕೆಟ್ ಬೆಟ್ಟಿಂಗ್ ಲೀಗಲ್ ಮಾಡಿ ಅಂದಿತ್ತು, 2018ರಲ್ಲಿ ಕಾನೂನು ಆಯೋಗ ಪೂರ್ತಿ ತಡೀಲಿಕ್ಕೆ ಆಗದಿದ್ರೆ ಪ್ಯಾನ್, ಆಧಾರ್ ಜೋಡಿಸಿ ಲೆಕ್ಕಕ್ಕೆ ತನ್ನಿ ಅಂದಿತ್ತು. ಐಡಿಗಿಂತ ಪ್ಯಾನ್ ಕಾರ್ಡ್ ಕೇಳುವ ಕೌಂಟರ್ ಸಾವಿರ ಪಾಲು ವಾಸಿ ಅಂತ ನನಗೂ ಅನ್ನಿಸ್ತದೆ, ಆದ್ರೆ ಈಗಿನ ಟ್ಯಾಕ್ಸ್ ಇಟ್ಕೊಂಡು ರಾಜ್ಯ ಲೀಗಲ್ ಮಾಡಿದ್ರೆ ಬೋರ್ಡ್ ಮಾತ್ರ ಇರ್ತದೆ, ಗಿರಾಕಿ ಇರುದಿಲ್ಲ.

ಇನ್ನು ನಿಮ್ಮ ಐನೂರು. ಕೇಂದ್ರದ ಕಾನೂನಲ್ಲಿ ಬರೀ ಆಡಿದವನಿಗೆ ಶಿಕ್ಷೆ ಇಲ್ಲ. ರಾಜ್ಯದ 1963ರ ಪೊಲೀಸ್ ಕಾಯ್ದೆಯಲ್ಲಿ ಒಂದು ತಮಾಷೆ ಉಂಟು, ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್) ಮ್ಯಾಚ್ ಫಿಕ್ಸಿಂಗ್ ಕೇಸಲ್ಲಿ ಹೈಕೋರ್ಟ್ 2022ರ ಜನವರಿಯಲ್ಲಿ ಕ್ರಿಕೆಟ್ ಒಂದು ಕ್ರೀಡೆ, ಆದ್ದರಿಂದ ಅದರ ಮೇಲೆ ಬೆಟ್ ಕಟ್ಟಿದ್ರೂ ಈ ಕಾಯ್ದೆಯ ಜೂಜಿನ ವ್ಯಾಖ್ಯೆಗೆ ಬರುದಿಲ್ಲ ಅಂತ ಹೇಳಿತ್ತು. ಆ ತೀರ್ಪಿನ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದೆ. ಅದನ್ನು ನಂಬಿ ಧೈರ್ಯ ಮಾಡ್ಬೇಡಿ, ಪೊಲೀಸರು ಅದೇ ಕಾಯ್ದೆಯ 78ನೇ ಸೆಕ್ಷನ್ ಹಾಕಿ ಕರ್ಕೊಂಡು ಹೋಗುದನ್ನು ಬಿಟ್ಟಿಲ್ಲ, ತೀರ್ಪಿನ ಕಾಪಿ ತೋರಿಸ್ಬೇಕಾದ್ದು ಆಮೇಲೆ ಕೋರ್ಟಲ್ಲಿ.

ಪ್ರಶ್ನೆ: ಕುದುರೆ ರೇಸಿಗೆ ಬೆಟ್ ಕಟ್ಬಹುದು, ನಮ್ಮ ಕೋಳಿ ಅಂಕಕ್ಕೆ ಮಾತ್ರ ರೈಡ್ ಯಾಕೆ? ಕಂಬಳಕ್ಕೆ ಪರ್ಮಿಷನ್ ಸಿಕ್ಕಿದ ಹಾಗೆ ಇದಕ್ಕೂ ಸಿಗ್ಬಹುದಾ?
(ಕಾರ್ಕಳ ಓದುಗರು)

ಉತ್ತರ: ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಮ್ಮಲ್ಲಿ ಅದಕ್ಕೆ 1952ರ ಲೈಸೆನ್ಸ್ ಕಾಯ್ದೆಯೂ ಉಂಟು. ಕೋಳಿ ಅಂಕದಲ್ಲಿ ಜೂಜಿಗಿಂತ ಮೊದಲೇ ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ಅಡ್ಡ ಬರ್ತದೆ, ಕಾಲಿಗೆ ಬಾಳು (ಸಣ್ಣ ಚೂರಿ) ಕಟ್ಟಿ ಬಿಡುದನ್ನು ಯಾವ ಕೋರ್ಟಲ್ಲಿ ಹೇಗೆ ಸಮರ್ಥಿಸುದು? 2023ರ ಮೇ 18ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಉಳಿದದ್ದು ಕಂಬಳದ ಓಟ. ಗದ್ದೆಯ ಬದಿಯಲ್ಲಿ ನಿಂತು ಕೋಣದ ಮೇಲೆ ಕಟ್ಟುವ ಬಾಜಿಗೆ ಆ ತೀರ್ಪಲ್ಲಿ ಎಂತದೂ ಸಿಗುದಿಲ್ಲ.

ಪ್ರಶ್ನೆ: ಮಗ ಮಣಿಪಾಲದಲ್ಲಿ ಓದುದು. ಫ್ರೆಂಡ್ ಹೇಳಿದ ಅಂತ ಬ್ಯಾಂಕ್ ಪಾಸ್‌ಬುಕ್, ಎಟಿಎಂ, ಸಿಮ್ ಎಲ್ಲ ಯಾರಿಗೋ ಕೊಟ್ಟು ತಿಂಗಳಿಗೆ ಸ್ವಲ್ಪ ದುಡ್ಡು ತಗೊಳ್ತಿದ್ದ. ಈಗ ಅಕೌಂಟ್ ಫ್ರೀಜ್ ಆಗಿದೆ. ಗೇಮಿಂಗ್ ಕಂಪೆನಿಗೆ ಫಾರಿನ್ ಲೈಸೆನ್ಸ್ ಉಂಟು, ಹೆದರ್ಬೇಡಿ ಅಂತಾನೆ ಆ ಫ್ರೆಂಡ್.
(ಕುಂದಾಪುರದ ಒಬ್ಬ ತಾಯಿ)

ಉತ್ತರ: ಅಮ್ಮ, ಯಾವುದೋ ದ್ವೀಪದ ಲೈಸೆನ್ಸಿಗೆ ಇಲ್ಲಿ ಕವಡೆ ಬೆಲೆ ಇಲ್ಲ. ಈ ದಂಧೆ ಹೇಗೆ ಅಂದ್ರೆ, ಐಡಿ ಬೇಕಾದವ ವಾಟ್ಸಾಪಲ್ಲಿ ಬಂದ ನಂಬರಿಗೆ ದುಡ್ಡು ಹಾಕ್ತಾನೆ, ಐಡಿಯಲ್ಲಿ ಕಾಯಿನ್ ಬೀಳ್ತದೆ, ದುಡ್ಡು ಬೀಳುವ ಅಕೌಂಟ್ ಮಾತ್ರ ಆಗಾಗ ಬದಲಾಗ್ತಾ ಇರ್ತದೆ. ಆ ಬದಲಾಗುವ ಅಕೌಂಟೇ ನಿಮ್ಮ ಮಗನದ್ದು. ಬೆಟ್ಟಿಂಗ್ ದುಡ್ಡಿನ ಜೊತೆ ಆನ್‌ಲೈನ್ ಮೋಸದ ದುಡ್ಡೂ ಅದೇ ದಾರಿಯಲ್ಲಿ ಹೋಗಿರ್ತದೆ, ಎಲ್ಲಿಯೋ ಒಬ್ಬ 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಫೋನ್ ಮಾಡಿ ಕಂಪ್ಲೇಂಟ್ ಕೊಟ್ರೆ ಇಲ್ಲಿ ಫ್ರೀಜ್. ಆಟ ಆಡಿದವನಿಗೆ ಕೇಂದ್ರದ ಕಾನೂನಲ್ಲಿ ರಿಯಾಯಿತಿ ಉಂಟು ಅಂದೆನಲ್ಲ, ಅಕೌಂಟ್ ಬಾಡಿಗೆಗೆ ಕೊಟ್ಟವನಿಗೆ ಆ ರಿಯಾಯಿತಿ ಇಲ್ಲ, ವಂಚನೆ ಕೇಸಲ್ಲೇ ಹೆಸರು ಸೇರ್ಬಹುದು. ಮಗನ ಹತ್ರ ಅಕೌಂಟಿನ ಬ್ರಾಂಚಿಗೆ ಅರ್ಜಿ ಬರೆಸಿ, ಯಾವ ರಾಜ್ಯದ ಯಾವ ಸ್ಟೇಷನಿನವರು ಫ್ರೀಜ್ ಮಾಡಿಸಿದ್ದು, ಕಂಪ್ಲೇಂಟ್ ನಂಬರ್ ಎಷ್ಟು ಅಂತ ಬರವಣಿಗೆಯಲ್ಲೇ ಕೇಳ್ಲಿ. ಆ ಸಿಮ್ ಅವನ ಹೆಸರಲ್ಲಿ ಇದ್ರೆ ಕೂಡ್ಲೇ ಬ್ಲಾಕ್ ಮಾಡ್ಲಿ. ಫ್ರೆಂಡಿನ ಚಾಟ್ ಡಿಲೀಟ್ ಮಾಡ್ಲಿಕ್ಕೆ ಬಿಡ್ಬೇಡಿ, ಮಗನ ಪರವಾಗಿ ಇರುವ ಸಾಕ್ಷಿ ಅದೊಂದೇ. ಎಲ್ಲ ಇಟ್ಕೊಂಡು ಒಬ್ಬ ಕ್ರಿಮಿನಲ್ ವಕೀಲರನ್ನು ಕಂಡು, ಅವರ ಜೊತೆಯೇ ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಸ್ಟೇಷನಿಗೆ ಹೋಗಿ.