ಶಿಡ್ಲಘಟ್ಟದ ಲ್ಯಾಪ್‌ಟಾಪ್‌ಗೆ ಮಿಂಟ್: ಯಾವುದಕ್ಕೆ ಟಿಕ್ ಹಾಕಬೇಕು?

ನಮಸ್ಕಾರ ಸರ್. ವಿಂಡೋಸ್ ಇರುವ 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕುವಾಗ ಏನೇನು ಆರಿಸಬೇಕು, ಡಿ ಡ್ರೈವ್‌ನಲ್ಲಿರುವ ರೇಷ್ಮೆಗೂಡಿನ ಲೆಕ್ಕ ಉಳಿಯುತ್ತಾ ಅಂತ ಕೇಳಿದ್ದೀರಿ.

ಮೊದಲು ಆ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಮಿಂಟ್ ಹಾಕಲು ಬಳಸುವ ಪೆನ್‌ಡ್ರೈವ್‌ಗಲ್ಲ, ಬೇರೆಯದಕ್ಕೆ. ‘ಇರೇಸ್ ಡಿಸ್ಕ್’ ಮಾತ್ರ ಮುಟ್ಟಬೇಡಿ. ಸಿ ಡ್ರೈವ್ ಅಷ್ಟೇ ಅಳಿಸುತ್ತೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ, ಡಿ ಸಮೇತ ಇಡೀ ಡಿಸ್ಕ್ ಹೋಗುತ್ತೆ. ನಿಮಗೆ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’, ಅಂದರೆ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲೇ ಮಿಂಟ್ ಹಾಕುವುದು, ಸಾಕು. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು. ಜಾಗ ಇದ್ದರೆ 100 ಕೊಡಿ, ಆಮೇಲೆ ಒದ್ದಾಡುವುದು ತಪ್ಪುತ್ತೆ. ಈ ರ‍್ಯಾಮ್‌ಗೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯೇ ಒಳ್ಳೆಯದು.

ಕೀಬೋರ್ಡ್‌ಗೆ ರುಪಾಯಿ ಚಿಹ್ನೆ ಇರುವ ‘ಇಂಗ್ಲಿಷ್ ಇಂಡಿಯಾ’ ಆರಿಸಿ. ಬಲಗಡೆಯ ಆಲ್ಟ್ ಒತ್ತಿಕೊಂಡು 4 ಒತ್ತಿದರೆ ₹ ಬರುತ್ತೆ. ಲೆಕ್ಕ ಬರೆಯುವವರಿಗೆ ಇದು ದಿನವೂ ಬೇಕಾಗುವುದು ಅಲ್ವಾ? ಕನ್ನಡ ಕೀಬೋರ್ಡನ್ನು ಆಮೇಲೆ ಸೇರಿಸಿ. ಈಗಲೇ ಅದೊಂದನ್ನೇ ಇಟ್ಟರೆ ಪಾಸ್‌ವರ್ಡ್ ಟೈಪ್ ಮಾಡುವಾಗ ಸುಮ್ನೆ ತೊಂದರೆ. ವಿಡಿಯೊ, ಹಾಡು ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ. ಟೈಮ್‌ಝೋನ್ ಕೋಲ್ಕತಾ.

ಹೋಮ್ ಫೋಲ್ಡರ್ (ನಿಮ್ಮ ಫೈಲ್‌ಗಳಿರುವ ಜಾಗ) ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವುದು, ನಿಮಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಪಾಸ್‌ವರ್ಡ್ ಮರೆತರೆ ಒಳಗಿನ ಲೆಕ್ಕ ವಾಪಸ್ ಬರಲ್ಲ. ಲ್ಯಾಪ್‌ಟಾಪನ್ನು ಊರೂರಿಗೆ ಒಯ್ಯುವವರಾದರೆ ಬೇರೆ ಮಾತು.

ಬ್ಯಾಟರಿ ಹಳೆಯದಾಗಿದ್ದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ. ಮಿಂಟ್‌ಗೆ ಜಾಗ ಮಾಡಲು ವಿಂಡೋಸ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಅದರ ಭಾಗ) ಕುಗ್ಗಿಸುತ್ತಿರುವಾಗ ಕರೆಂಟ್ ಹೋಗಬಾರದು.